ಪೆದ್ದಮ್ಮನ ಅಂಗಳದ ಮಲ್ಲಿಗೆ

ಪಕ್ಕದ ಮನೆಯ ಪೆದ್ದಮ್ಮನ ಬೆರಳ ತುದಿಗಳು ಗಾಜಿನಷ್ಟು ನುಣುಪು. ನಲವತ್ತು ವರ್ಷ ಮಗ್ಗದ ಮುಂದೆ ಕೂತು ರೇಷ್ಮೆ ಎಳೆ ತೀಡಿ ತೀಡಿ ಗೆರೆಗಳೇ ಸವೆದಿದ್ದವು. ಹೆಬ್ಬೆಟ್ಟು ಒತ್ತಿದರೆ ರೇಷನ್ ಅಂಗಡಿಯ ಯಂತ್ರ ಒಪ್ಪುತ್ತಲೇ ಇರಲಿಲ್ಲ.

ನಾನು ದೊಡ್ಡಉಳ್ಳಾರ್ತಿಯ ಕುರಿ ಕಾಯುವವರ ಮನೆಯವಳು. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದಾಗ ನನಗೆ ಬೆಳ್ಳಗಿದ್ದದ್ದೆಲ್ಲ ಮಲ್ಲಿಗೆಯೇ. ಪೆದ್ದಮ್ಮ ನಕ್ಕಿದ್ದೇ ನಕ್ಕಿದ್ದು.

“ನೂರು ಕುರಿ ಮುಖ ಗುರುತು ಹಿಡಿತೀಯಂತೆ, ಈ ಮೂರು ಅಕ್ಕತಂಗೇರು ಗೊತ್ತಾಗಲ್ವಾ ಪಿಚ್ಚಿದಾನಾ, ಹುಚ್ಚಿ? ಜಾಜಿ ಮೊಗ್ಗಿಗೆ ಬೆನ್ನು ಕೆಂಪಗೈತೆ. ಮಲ್ಲಿಗೆ ತೊಟ್ಟು ನುಣ್ಣಗೈತೆ. ಕಾಕಡದ್ದು ಮುಟ್ಟಿ ನೋಡು, ಸಣ್ಣ ಸಣ್ಣ ಕೂದಲು. ವಾಸನೆನೂ ಅಷ್ಟಕ್ಕಷ್ಟೆ. ನನ್ನ ಅಂಗಳದಾಗೆ ಮಾತ್ರ ಅದು ಬ್ಯಾಡ.”

ಅವರ ಅಂಗಳದಲ್ಲಿದ್ದದ್ದು ಮಲ್ಲಿಗೆ, ಮದುವೆಯಾದ ವರ್ಷ ತವರಿನಿಂದ ತಂದು ನೆಟ್ಟದ್ದು. ಕಣ್ಣು ಮಂಜಾಗಿ ಮಗ್ಗ ಬಿಟ್ಟ ಮೇಲೆ ಅವರಿಗೆ ಉಳಿದ ಸಂತೋಷ ಅದೊಂದೇ. ಸಂಜೆ ಮೊಗ್ಗು ಬಿಡಿಸಿ, ಕಟ್ಟಿ, ಬೀದಿಯ ಹೆಂಗಸರಿಗೆಲ್ಲ ಹಂಚುತ್ತಿದ್ದರು.

ಒಮ್ಮೆ ಅವರು ಒಂದು ತಿಂಗಳು ಮಗಳ ಮನೆಗೆ ಹೋದರು. ಗಿಡ ನೋಡಿಕೊಳ್ಳುವ ಹೊಣೆ ನನ್ನದು. ನನ್ನ ತವರಿನಿಂದ ಬಂದಿದ್ದ ಆಡು ಹಗ್ಗ ಕಿತ್ತುಕೊಂಡು ಹೋಗಿ ಅವರ ತವರಿನ ಮಲ್ಲಿಗೆಯನ್ನು ತೊಗಟೆ ಸಮೇತ ತಿಂದು ಹಾಕಿತು. ಗಿಡ ಒಣಗಿಹೋಯಿತು. ನನಗೆ ಅನ್ನ ಸೇರಲಿಲ್ಲ. ಚಳ್ಳಕೆರೆಯ ನರ್ಸರಿಗೆ ಓಡಿದೆ. ಹೂ ಬಿಟ್ಟ ದೊಡ್ಡ ಗಿಡವೆಂದು ಸಿಕ್ಕಿದ್ದು ಕಾಕಡ ಒಂದೇ. ಅದನ್ನೇ ತಂದು ಅದೇ ಗುಂಡಿಯಲ್ಲಿ ನೆಟ್ಟೆ. ಕಣ್ಣು ಕಾಣದು, ಯಂತ್ರಕ್ಕೇ ಬೇಡವಾದ ಬೆರಳಿಗೆ ಏನು ತಿಳಿದೀತು ಎಂದುಕೊಂಡೆ. ಮನುಷ್ಯರಿಗೆ ಮೂಗು ಅಂತ ಒಂದಿರುತ್ತದೆ ಎನ್ನುವುದು ಆಗ ಹೊಳೆಯಲೇ ಇಲ್ಲ.

ಪೆದ್ದಮ್ಮ ಬಂದರು. ಮೊಗ್ಗು ಬಿಡಿಸಲು ಕೂತರು. ತೊಟ್ಟಿನ ಮೇಲೆ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತು.

“ಈ ಸಲ ಬಿಸಿಲು ಜಾಸ್ತಿ ಅಲ್ವೇನೇ? ಅದಕ್ಕೇ ವಾಸನೆ ಕಮ್ಮಿ ಐತೆ,” ಎಂದರು.

“ಹೂಂ ಪೆದ್ದಮ್ಮ, ಭಾಳ ಬಿಸಿಲು.”

ಎರಡು ವರ್ಷ ಅದನ್ನೇ ಕಟ್ಟಿ ಹಂಚಿದರು. ಬೀದಿಯ ಯಾರಾದರೂ ಹೂವಿಗೆ ವಾಸನೆಯೇ ಇಲ್ಲವಲ್ಲ ಎಂದರೆ, “ನಿನ್ನ ಮೂಗು ಕಟ್ಟೈತೆ, ಕಷಾಯ ಕುಡಿ ಹೋಗು. ಇದು ನನ್ನ ತವರಿನ ಮಲ್ಲಿಗೆ,” ಎಂದು ಗದರುತ್ತಿದ್ದರು. ಪಕ್ಕದಲ್ಲೇ ಕೂತ ನಾನು ದಾರ ಬಿಡಿಸುತ್ತ ತಲೆ ತಗ್ಗಿಸುತ್ತಿದ್ದೆ. ನಿಜ ಹೇಳಿಬಿಡೋಣ ಎಂದು ಎಷ್ಟೋ ಸಲ ಅಂದುಕೊಂಡೆ.

ಹೋದ ವರ್ಷ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದುಕೊಂಡರು.

“ನಾನು ಹೋದ ಮೇಲೂ ಆ ಕಾಕಡಕ್ಕೆ ನೀರು ಹಾಕಮ್ಮಾ. ಪಾಪ, ಅದರದೇನು ತಪ್ಪೈತೆ? ಆಡನ್ನ ಮಾತ್ರ ಗಟ್ಟಿಯಾಗಿ ಕಟ್ಟು.”

ಮೂರನೆಯ ದಿನ ಅವರು ತೀರಿಕೊಂಡರು. ತಪ್ಪಾಯಿತು ಪೆದ್ದಮ್ಮ ಎಂದು ನಾನು ಬಾಯಿಬಿಟ್ಟು ಹೇಳಲೇ ಇಲ್ಲ.