ಮೆಮೊರಿಯ ವೇಗ ಹೆಚ್ಚಿಸಲು ಹೋದ ದಿನ

ವಿದೇಶದಲ್ಲಿ ನಾವಿರುವ ಕ್ಯಾನಿಂಗ್ ವೇಲ್‌ನ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದ ಕಂಪ್ಯೂಟರ್ ಮೆಮೊರಿಯ ಡಬ್ಬದ ಮೇಲೆ ವೇಗ ಆರು ಸಾವಿರ ಎಂದಿತ್ತು. ಮನೆಯಲ್ಲಿ ಅದು ಓಡುತ್ತಿದ್ದದ್ದು ನಾಲ್ಕು ಸಾವಿರದ ಎಂಟುನೂರಕ್ಕೆ. ಫೋನ್ ಮಾಡಿ ಜಗಳ ತೆಗೆದೆ. ಮೋಸವೇನಿಲ್ಲ, ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬಯೋಸ್ ಎಂಬ ಸೆಟ್ಟಿಂಗ್ಸ್‌ಗೆ ಹೋಗಿ, ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಎಂಬುದನ್ನು ನೀವೇ ಆನ್ ಮಾಡಬೇಕು ಎಂದ ಅಂಗಡಿಯವನು.

ಮಾಡಿದೆ. ಪರದೆ ಕಪ್ಪಾಗಿ ಹಾಗೇ ಉಳಿಯಿತು. ಆಗಲೇ ಮಗಳು ಬಂದಳು. ಅಂದು ಸಂಜೆ ಶಾಲೆಗೆ ಕಳಿಸಬೇಕಿದ್ದ ಅವಳ ವಿಡಿಯೊ, ಇಡೀ ಟರ್ಮ್‌ನ ಕೆಲಸ, ಆ ಕಂಪ್ಯೂಟರಿನಲ್ಲಿ ಮಾತ್ರ ಇತ್ತು.

"ಅಪ್ಪಾ, ವಾಟ್ ಡಿಡ್ ಯು ಡೂ?"

ಟಿವಿ ಕೆಟ್ಟರೂ ಮಿಕ್ಸಿ ನಿಂತರೂ ಮೈಸೂರಿನಿಂದ ನಾನು ತಂದ ಮದ್ದು ಒಂದೇ, ಸ್ವಿಚ್ ಆರಿಸಿ ಹಾಕುವುದು. ಕೈ ಗೋಡೆಯ ಕಡೆ ಹೋಯಿತು. ಡಾಕ್ಟರ್ ಆದ ನನ್ನ ಹೆಂಡತಿ ಅದನ್ನು ಹಿಡಿದುಕೊಂಡಳು.

"ರೀ, ಸುಮ್ನಿರಿ! ಕಂಪ್ಯೂಟರ್ ಫ್ಯಾನ್ ಓಡ್ತಿದೆ ನೋಡಿ. ಪಲ್ಸ್ ಇರೋ ಪೇಷೆಂಟನ್ನ ಯಾರಾದ್ರೂ ಮಾರ್ಚುರಿಗೆ ಕಳಿಸ್ತಾರಾ?"

ಮೂವರೂ ಫ್ಯಾನಿನ ಸದ್ದನ್ನೇ ಕೇಳುತ್ತಾ ನಿಂತೆವು. ಅದೊಮ್ಮೆ ನಿಂತಿತು. ಮತ್ತೆ ಓಡಿತು. ಕಡೆಗೂ ಪರದೆ ಬೆಳಗಿತು. ಹೊಸ ವೇಗಕ್ಕೆ ಹೊಂದಿಕೊಳ್ಳಲು ಮೆಮೊರಿಗೆ ಮೊದಲ ಸಲ ಅಷ್ಟು ಹೊತ್ತು ಬೇಕಂತೆ. ಅಂಗಡಿಯವನು ಹೇಳಿರಲಿಲ್ಲ, ಜಗಳದ ಭರದಲ್ಲಿ ನಾನೂ ಕೇಳಿರಲಿಲ್ಲ.

ಆರು ಸಾವಿರ ಬಂತೇ ಎಂದು ನೋಡಲು ಬಾಗಿದೆ. ಮಗಳು ನನ್ನ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ ಪೆನ್ ಡ್ರೈವ್ ಹಾಕಿದಳು. ಓದುಗರೇ, ನೀವು ಮೆಮೊರಿಯ ವೇಗಕ್ಕೆ ಕೈ ಹಾಕುವುದಾದರೆ ಬೇಕಾದ ಫೈಲುಗಳನ್ನು ಮೊದಲೇ ಹೀಗೆ ನಕಲು ಮಾಡಿಟ್ಟುಕೊಳ್ಳಿ. ವಿಡಿಯೊ ಪೂರ್ತಿ ನಕಲಾಗುವವರೆಗೆ ಮೌಸ್ ಮುಟ್ಟುವ ಧೈರ್ಯ ನನಗೆ ಬರಲಿಲ್ಲ.