ಹುಲಗಪ್ಪನ ಫ್ರೆಂಚ್ ಖಾನಾವಳಿ

ಬೆಟಗೇರಿಯ ಹುಲಗಪ್ಪ ಹನ್ನೆರಡು ವರ್ಷ ಪಾಂಡಿಚೇರಿಯಲ್ಲಿ ಒಬ್ಬ ಫ್ರೆಂಚ್ ಸಾಹೇಬನ ಅಡುಗೆಯವನಾಗಿದ್ದ. ಫ್ರೆಂಚರು ಆ ಊರು ಬಿಟ್ಟುಹೋದ ವರ್ಷ ಒಂದು ಡಜನ್ ಚಮಚ, ಒಂದು ಬಿಳಿ ಟೊಪ್ಪಿಗೆ ಹೊತ್ತು ಮರಳಿ ಬಂದು ಗದಗ ಸ್ಟೇಶನ್ ರಸ್ತೆಯಲ್ಲಿ ಫ್ರೆಂಚ್ ಖಾನಾವಳಿ ತೆರೆದ. ತಿಂಗಳಾದರೂ ನೊಣ ಬಿಟ್ಟರೆ ಯಾರೂ ಒಳಗೆ ಬರಲಿಲ್ಲ.

ಹೆಂಡತಿ ಮಂಜವ್ವ ಕಡ್ಡಿ ಮುರಿದಂತೆ ಹೇಳಿದಳು: "ಈ ಅಮಾಸಿಗೆ ಸಂಘದವರು ಬಂದು ಹೂಂ ಅಂದ್ರ ಆತು. ಇಲ್ಲಂದ್ರ ಮರುದಿನಾನ ಹತ್ತಿ ಗಿರಣಿಗೆ ಅಂಡಿಗಿ ಹೊರಾಕ ಹೋಗ್ರಿ."

ಸಂಘವೆಂದರೆ ಐದು ಮಂದಿ ನೇಕಾರರು. ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತದೆ, ಬಾಯಿ ನಿಲ್ಲುವುದಿಲ್ಲ. ತಿಂಗಳಿಗೊಂದು ಖಾನಾವಳಿಯಲ್ಲಿ ಉಂಡು ಅವರು ತೀರ್ಪು ಕೊಟ್ಟರೆ ಊರು ಅಲ್ಲಿಗೇ ಹೋಗುತ್ತಿತ್ತು.

ಬಂದರು. ಹುಲಗಪ್ಪ ಟೊಪ್ಪಿಗೆ ಹಾಕಿಕೊಂಡು ಕುಂಬಳದ ತಿಳಿಸಾರು ಬಡಿಸಿ, ಕೈಗೊಂದು ಚಮಚ ಕೊಟ್ಟ. ಕುಡಿದಾದ ಮೇಲೆ ಸಾಹೇಬನ ಮನೆಯ ಪದ್ಧತಿಯಂತೆ ಬಟ್ಟಲು ಎತ್ತಿದ. ಮುಂದಿದ್ದ ಬಟ್ಟಲನ್ನೇ ಎತ್ತಿಕೊಂಡ ಮೇಲೆ ಕೂತಿರುವುದುಂಟೆ? ಐವರೂ ಎದ್ದು ಕೈ ತೊಳೆದು ಎಲೆ ಅಡಿಕೆ ಬಾಯಿಗೆ ಹಾಕಿದರು.

"ಇಷ್ಟ ಉಂಡು ರಾಜ್ಯ ಆಳಾಕ ಆಕ್ಕೈತೇನಲೇ ಹುಲಗ್ಯಾ? ಅದಕ್ಕ ಬಿಟ್ಟು ಹೋಗ್ಯಾರ!" ಅಂದ ಸಂಘದ ಹಿರಿಯ ಸಕ್ರಪ್ಪ.

"ಇನ್ನೂ ನಾಕು ಬರೂವು ಅದಾವ್ರಿ ಕಾಕಾ, ಕುಂಡ್ರಿ!"

"ಕೈ ತೊಳದೇವಿ. ತೊಳದಮ್ಯಾಲ ಸಂಜಿತನಕ ಅನ್ನಾ ಮುಟ್ಟೂದಿಲ್ಲ. ಸಂಘದ ಕಾನೂನು."

ಹುಲಗಪ್ಪನ ಬೆನ್ನ ಮೇಲೆ ಆಗಲೇ ಹತ್ತಿಯ ಅಂಡಿಗೆ ಬಿದ್ದಂತಾಯಿತು. ಅಷ್ಟರಲ್ಲಿ ಮಂಜವ್ವ ಹೊರಗೆ ಬಂದಳು. ನಸುಕಿನಿಂದ ಒಲೆ ಊದಿದವಳು. ಮಾಡಿದ್ದು ಉಳಿದರೆ ಅವಳಿಗೆ ತಡೆಯದು.

"ಅಣ್ಣಾರ, ಎಂಜಲಾದದ್ದು ಯಾವ್ದು? ಚಮಚಾ. ತೊಳದದ್ದು ಯಾವ್ದು? ಕೈ. ಚಮಚಾ ತೊಳೀದ ಊಟಾ ಹೆಂಗ ಮುಗೀತ್ರಿ?"

ಐವರೂ ಅಡಿಕೆ ಉಗುಳಿ ಬಂದು ವಿಚಾರ ಮಾಡಿದರು. ಮಾತಿನಲ್ಲಿ ಎಲ್ಲೂ ತೂತು ಸಿಗಲಿಲ್ಲ. ಕೂತರು. ಬೆಣ್ಣೆಯಲ್ಲಿ ಬೇಯಿಸಿದ ಅವರೆಕಾಯಿ ಬಂತು, ಹಾಲಿನ ಬಟಾಟೆ ಬಂತು. ಬಟ್ಟಲು ಎತ್ತಿದಾಗೊಮ್ಮೆ ಎದ್ದು, ಒಂದು ಕೈಯಲ್ಲಿ ಚಮಚಕ್ಕೆ ಹನಿ ನೀರು ತಾಗದಂತೆ ಮೇಲೆತ್ತಿ ಹಿಡಿದು, ಇನ್ನೊಂದು ಕೈ ತೊಳೆದುಕೊಂಡು ಬಂದರು.

ಕೊನೆಯ ಸಿಹಿಯೂ ಮುಗಿಯಿತು. ಸಕ್ರಪ್ಪ ಚಮಚ ಕೆಳಗಿಟ್ಟ. "ಆತು. ಇನ್ನ ಊಟಾ ಹಾಕ್ರಿ."

ಮಂಜವ್ವ ಮನೆಯವರಿಗೆಂದು ಬಡಿದಿಟ್ಟ ರೊಟ್ಟಿ, ಎಣಗಾಯಿ ತಂದಿಟ್ಟಳು. ಬುಟ್ಟಿಯ ತಳ ಕಂಡಿತು.

"ಫ್ರೆಂಚರ ಅಡಗಿ ಅಂದ್ರ ಖರೆ ಇದು!" ಸಕ್ರಪ್ಪ ಹೊಟ್ಟೆ ಸವರಿಕೊಂಡ. "ಉಂಡಷ್ಟೂ ಹಸಿವು ಹೆಚ್ಚಾಗ್ತೈತಿ. ಬರ್ರಿ ಅಂತ ಎಲ್ಲಾರಿಗೂ ಹೇಳ್ತೀವಿ."

ಅವರು ಹೋದ ಮೇಲೆ ಗಂಡ ಹೆಂಡತಿಗೆ ಉಳಿದದ್ದು ಅವರೆಕಾಯಿಯೇ. ಮಂಜವ್ವ ಒಂದು ತುತ್ತು ಬಾಯಿಗಿಟ್ಟು ಬಟ್ಟಲು ಆಚೆ ಸರಿಸಿದಳು.

"ಇದನ್ನ ಹನ್ನೆರಡು ವರ್ಸ ಮಾಡಿ ಹಾಕಿದ್ರಿ? ಸಾಹೇಬ ಏನೂ ಅನಲಿಲ್ಲ?"

"ಅಳತಿದ್ದ," ಅಂದ ಹುಲಗಪ್ಪ. "ಊರು ನೆನಪಾಗಿರಬೇಕು ಅಂತ ತಿಳದಿದ್ನಿ."