ನಾನು ಅರ್ಧ ನೋಡಿ ಹೇಳಿದ ಸಿನಿಮಾ

ಶುಕ್ರವಾರ ಬೆಳಗ್ಗೆ ನಾನು ಹಲ್ಲುಜ್ಜುವ ಮೊದಲೇ ಫೋನು ಗುಂಯ್‌ಗುಡತೊಡಗುತ್ತದೆ. ‘ಈ ವಾರ ಯಾವ್ದು ನೋಡಬಹುದ್ರಿ?’ ‘ಮನ್ಯಾಗೆ ಹುಡುಗರ ಜೊತಿ ನೋಡೋವಂಥದ್ದು ಯಾವ್ದೈತ್ರಿ?’ ದಾವಣಗೆರೆಯ ವಿನೋಬನಗರದಲ್ಲಿ ನನಗೆ ಬೇರಾವ ಹೆಸರೂ ಇಲ್ಲದಿದ್ದರೂ ಸಿನಿಮಾ ಹೇಳುವವನೆಂಬ ಹೆಸರಿದೆ. ಯಾವುದನ್ನು ಥಿಯೇಟರಿಗೇ ಹೋಗಿ ನೋಡಬೇಕು, ಯಾವುದು ಮನೆಯ ಟಿವಿಗೆ ಬರುವವರೆಗೆ ಕಾದರೂ ನಡೆಯುತ್ತದೆ ಎಂದು ಸಲೀಸಾಗಿ ತೀರ್ಪು ಕೊಡುತ್ತಿದ್ದೆ.

ನಿಮಗೊಬ್ಬರಿಗೆ ಹೇಳುತ್ತೇನೆ: ಮೊನ್ನೆಮೊನ್ನೆಯವರೆಗೆ ಒಂದು ಸಿನಿಮಾವನ್ನೂ ನಾನು ಪೂರ್ತಿ ನೋಡಿದವನಲ್ಲ. ಕೂತಲ್ಲಿ ಕೂರಲಾಗದ ಜಾತಕ ನನ್ನದು. ಇಂಟರ್‌ವಲ್ಲಿನ ದೀಪ ಹತ್ತಿತೆಂದರೆ ಕಾಲುಗಳು ತಾವಾಗಿಯೇ ಬಾಗಿಲ ಕಡೆ ಹೊರಡುತ್ತವೆ. ಮನೆಯಲ್ಲಾದರೆ ರಿಮೋಟು ಕೈಯಲ್ಲೇ ಇರುತ್ತದೆ. ಹತ್ತು ನಿಮಿಷಕ್ಕೊಂದು ಸಿನಿಮಾ. “ನಿಮ್ಮ ಜೊತಿ ಟಿವಿ ನೋಡೋದು ಬಸ್ ಸ್ಟ್ಯಾಂಡಿನಾಗೆ ಕೂತಂಗೆ” ಎಂದು ಹೆಂಡತಿ ಒಳಗೆ ಹೋಗಿಬಿಡುತ್ತಾಳೆ. ಉಳಿದರ್ಧವನ್ನು ಅಂದಾಜಿನ ಮೇಲೆ ಹೇಳುತ್ತಿದ್ದೆ. ಬಹುಪಾಲು ಸರಿಹೋಗುತ್ತಿತ್ತು ಎಂಬುದು ನಮ್ಮ ಸಿನಿಮಾಗಳ ದೊಡ್ಡ ಗುಣ.

ಶಮೀಮ್ ಆಪಾ ನಮ್ಮ ಪಕ್ಕದ ಮನೆಯಲ್ಲಿದ್ದವರು. ಗಂಡ ಬಡಗಿ, ಇಬ್ಬರೂ ಕೂಡಿ ನೋಡದ ಹೊಸ ಸಿನಿಮಾ ಇರಲಿಲ್ಲ. ಎರಡು ವರ್ಷದ ಹಿಂದೆ ಗಂಡ ಆಸ್ಪತ್ರೆ ಸೇರಿ ಹನ್ನೊಂದನೇ ದಿನ ತೀರಿಕೊಂಡರು. ಆಪಾ ಮಗಳು ನಸೀಮಾಳೊಂದಿಗೆ ಹರಿಹರದ ತವರಿಗೆ ಹೋದರು. ಕಳೆದ ವರ್ಷ ನಸೀಮಾ ಫೋನ್ ಮಾಡಿದಳು: “ಮಾಮಾ, ಅಮ್ಮಿ ಮನಿ ಬಿಟ್ಟು ಹೊರಗೇ ಬರ್ತಿಲ್ಲ. ಚೆನ್ನಾಗಿ ನಗಿಸೋ ಪಿಚ್ಚರ್ ಒಂದು ಹೇಳ್ರಿ.”

ಹಿಂದಿನ ದಿನವಷ್ಟೇ ಹೊಟ್ಟೆ ಹಿಡಿದುಕೊಂಡು ನಕ್ಕು ಬಂದಿದ್ದ ಒಂದರ ಹೆಸರು ಹೇಳಿದೆ. “ಕಣ್ಣು ಮುಚ್ಕೊಂಡು ಹೋಗಮ್ಮ” ಎಂದೆ.

ಮರುದಿನ ಸಂಜೆ ಮತ್ತೆ ಅವಳ ಫೋನು. “ಏನ್ ಮಾಮಾ, ಹಿಂಗ್ ಮಾಡಿದ್ರಿ? ಇಂಟರ್‌ವಲ್ ಆದಮ್ಯಾಲೆ ಪೂರ್ತಿ ಆಸ್ಪತ್ರೆನೇ ಐತೆ. ಗಂಡ ಒಳಗೆ, ಹೆಂಡ್ತಿ ಹೊರಗೆ ಬೆಂಚಿನ ಮ್ಯಾಲೆ.”

ಬೆಳಗಾದದ್ದೇ ಹರಿಹರದ ಬಸ್ಸು ಹತ್ತಿದೆ. ಅರ್ಧ ಗಂಟೆಯ ದಾರಿ ಅದು. ಅಷ್ಟರಲ್ಲೇ ಮೂರು ಸಲ ಸೀಟು ಬದಲಿಸಿದೆ.

ಆಪಾ ಬಾಗಿಲಲ್ಲೇ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. “ಬರ್ರಿ, ಕೂಡ್ರಿ” ಎಂದರು. ನಿಂತೇ “ತಪ್ಪಾಯ್ತು ಆಪಾ” ಎಂದೆ.

“ಎದ್ದು ಹೋಗೋಣ ಬಾ ಅಂತ ನಸೀಮಾ ಕೈ ಎಳೆದ್ಲು. ನಾನೇ ಬ್ಯಾಡ ಅಂದೆ. ಮುಂದೆ ಏನಾಗ್ತೈತೆ ನೋಡಬೇಕಿತ್ತು.”

“ಏನಾಯ್ತು ಆಪಾ? ಉಳಕೊಂಡ್ನಾ?”

ಅವರ ಕೈ ಮೊರದಲ್ಲೇ ನಿಂತಿತು. “ಯಾಕ, ನೀವು ನೋಡಿಲ್ಲೇನು?”

ತಲೆ ತಗ್ಗಿಸಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. “ಹಂಗಾರೆ ಕೂಡ್ರಿ, ಹೇಳ್ತೀನಿ” ಎಂದರು.

ಹೇಳತೊಡಗಿದರು. ಆ ಹೆಂಡತಿ ಬೆಂಚಿನ ಮೇಲೆ ಗಂಡನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತದ್ದು. ಫ್ಲಾಸ್ಕಿನ ಚಹಾ ಹಾಗೇ ಆರಿಹೋದದ್ದು. ನರ್ಸು ಯಾರ ಹೆಸರು ಕೂಗಿದರೂ ಎದ್ದು ನಿಂತದ್ದು. ಒಳಗೆ ಬಿಟ್ಟಾಗ ಆತ, ‘ಮನಿ ಬಾಗಿಲ ಚಿಲಕ ಸರಿಮಾಡೋದು ಉಳೀತು ನೋಡು’ ಎಂದದ್ದು. ಮೊದಮೊದಲು ‘ಆತ’ ಎನ್ನುತ್ತಿದ್ದ ಆಪಾ ಯಾವಾಗಲೋ ‘ಇವರು’ ಎನ್ನತೊಡಗಿದ್ದರು. ಕಣ್ಣೊರೆಸಿಕೊಳ್ಳಲಿಲ್ಲ, ಮಾತು ನಿಲ್ಲಿಸಲೂ ಇಲ್ಲ. ಒಳಗಿನಿಂದ ಬಂದ ನಸೀಮಾ ಹೊಸಿಲಲ್ಲೇ ನಿಂತುಬಿಟ್ಟಳು. ಅವಳೂ ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಕೂತಲ್ಲೇ ನನ್ನ ಕಾಲು ಜೋಮು ಹಿಡಿಯಿತು. ಅಲುಗಾಡಲಿಲ್ಲ.

“ಸಿನಿಮಾದಾಗೆ ಉಳಕೊಂಡ” ಎಂದು ಮುಗಿಸಿ, ಆಪಾ ಮತ್ತೆ ಮೊರವನ್ನು ಎಳೆದುಕೊಂಡರು.

ಮೊನ್ನೆ ಭಾನುವಾರ ಆ ಸಿನಿಮಾ ನಮ್ಮ ಮನೆಯ ಟಿವಿಗೂ ಬಂತು. ರಿಮೋಟನ್ನು ಹೆಂಡತಿಗೆ ಕೊಟ್ಟು, ಕೊನೆಯ ಹೆಸರು ಮರೆಯಾಗುವವರೆಗೆ ಕೂತು ನೋಡಿದೆ. ಆಸ್ಪತ್ರೆ ಇತ್ತು, ಬೆಂಚೂ ಇತ್ತು. ಚಪ್ಪಲಿಯಾಗಲಿ ಫ್ಲಾಸ್ಕಾಗಲಿ ಕಾಣಲಿಲ್ಲ. ಚಿಲಕದ ಮಾತನ್ನು ಯಾರೂ ಆಡಲಿಲ್ಲ.

ನಾನು ಇಷ್ಟು ಹೊತ್ತು ಕೂತದ್ದನ್ನೇ ಬೆರಗಿನಿಂದ ನೋಡುತ್ತಿದ್ದ ಹೆಂಡತಿ ಕೇಳಿದಳು: “ಹೆಂಗೈತ್ರಿ? ಯಾರಿಗಾದ್ರೂ ನೋಡು ಅಂತ ಹೇಳಬಹುದಾ?”

“ಕೇಳೋರು ಯಾರು ಅಂತ ಮೊದ್ಲು ಗೊತ್ತಾಗ್ಬೇಕು” ಎಂದೆ.